ನಾಲ್ಕು ಭಾನುವಾರದ ಹಾಜರಿ

ಪೂಜಿತಾ ಕೆಲಸ ಬಿಡಬೇಕು ಎಂಬ ಮಾತು ಆ ಮನೆಯಲ್ಲಿ ಹೊಸದೇನಲ್ಲ. ವಾರಕ್ಕೊಮ್ಮೆಯಾದರೂ ಮುದ್ದೆ ಕಟ್ಟುವ ಹೊತ್ತಿಗೆ ಅದು ಒಲೆಯ ಪಕ್ಕದಲ್ಲಿ ಏಳುತ್ತಿತ್ತು, ಊಟ ಮುಗಿದು ತಟ್ಟೆ ಎತ್ತುವಷ್ಟರಲ್ಲಿ ತಾನಾಗಿಯೇ ತಣ್ಣಗಾಗುತ್ತಿತ್ತು. ಏಳಿಸುವವರು ಅತ್ತೆ ಪಿಳ್ಳಮ್ಮ. ಅವರಿಗೆ ಅರವತ್ತೊಂಬತ್ತು ವರ್ಷ. ಎರಡೂ ಮಂಡಿ ಸವೆದಿದ್ದವು, ಮಧ್ಯಾಹ್ನದ ಅಡಿಗೆಗೆ ಒಬ್ಬರೇ ನಿಲ್ಲಬೇಕಿತ್ತು. ಅವರ ಗೊಣಗಾಟದಲ್ಲಿ ಸುಳ್ಳಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ.

"ಎಂಟು ಗಂಟೆಗೆ ಬ್ಯಾಗ್ ಏರಿಸ್ಕೊಂಡು ಹೋದ್ರೆ ಆರು ಗಂಟೆಗೆ ಬರ್ತೀಯ. ಅಷ್ಟೊತ್ತೂ ಈ ಮನೆ ನನ್ನ ಮಂಡಿ ಮೇಲೆ ನಿಂತಿರುತ್ತೆ," ಎನ್ನುತ್ತಿದ್ದರು.

"ಒಬ್ರನ್ನ ಕೆಲಸಕ್ಕೆ ಇಟ್ಕೊಳ್ಳೋಣ ಅತ್ತೆ. ನನ್ನ ಸಂಬಳದಲ್ಲೇ ಕೊಡ್ತೀನಿ."

"ಇನ್ನೊಬ್ರ ಕೈಲಿ ಮುದ್ದೆ ಕಟ್ಟಿಸ್ಕೊಂಡು ತಿನ್ನೋಕೆ ನಾನೇನು ಆಸ್ಪತ್ರೇಲಿದೀನಾ?"

ಮಾವ ಮುನಿಸ್ವಾಮಿ ಟಿವಿಯ ಸದ್ದು ಹೆಚ್ಚಿಸುತ್ತಿದ್ದರು. ಗಂಡ ವಸಂತ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಹನ್ನೆರಡು ವರ್ಷದ ಮಗಳು ಶರಣ್ಯ ಒಬ್ಬಳೇ ಅಜ್ಜಿಯ ಮುಖವನ್ನೂ ಅಮ್ಮನ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು.

ಪೂಜಿತಾ ಶೇಷಾದ್ರಿಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದಳು. ಬಂದವರ ಹೆಸರು ಬರೆದುಕೊಳ್ಳುವುದು, ಬಿಲ್ ಹಾಕುವುದು, ಸಂಜೆ ರಿಪೋರ್ಟ್ ಕೊಡುವುದು. ಸಂಬಳ ದೊಡ್ಡದಲ್ಲ. ಆದರೆ ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುವವರೆಗೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಪೂಜಿತಾ ಮೇಡಂ ಎನ್ನುತ್ತಿದ್ದರು. ಮಧ್ಯಾಹ್ನ ಒಂದೂವರೆಗೆ ರಂಗನಾಯಕಿ ಎಂಬ ಟೆಕ್ನಿಷಿಯನ್ ಜೊತೆ ಡಬ್ಬಿ ಬಿಚ್ಚಿ, ಆರಿದ ಅನ್ನವನ್ನು ಅರ್ಧ ಗಂಟೆ ನಿಧಾನವಾಗಿ ತಿನ್ನುವುದು ಅವಳ ದಿನದ ಸುಖ. ಮನೆಯಲ್ಲಿ ಅವಳು ಕೂತು ತಿಂದದ್ದು ಕಡಿಮೆ. ಆ ಕೆಲಸ ಹೋದರೆ ತನ್ನದು ಅಂತ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಭಯವಿತ್ತು. ಭಯವನ್ನು ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಚಾಮರಾಜಪೇಟೆಯ ಆ ಮನೆಯ ಹಿಂದೆ ಒಂದು ಹಾಲ್ ಇತ್ತು. ಮುನಿಸ್ವಾಮಿ ಅಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ್ದರು. ಗಿರಣಿ ನಿಂತ ಮೇಲೆ ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ವ್ಯಾಪಾರಿಯೊಬ್ಬ ಅದನ್ನು ಗೋಡೌನ್ ಮಾಡಿಕೊಂಡಿದ್ದ. ಜನ ಫೋನಿನಲ್ಲೇ ಮದುವೆಗೆ ಕರೆಯಲು ಶುರು ಮಾಡಿದ ಮೇಲೆ ಅವನ ವ್ಯಾಪಾರ ಇಳಿಯಿತು, ಡಿಸೆಂಬರಿನ ಮೊದಲ ವಾರ ಕೈಮುಗಿದು ಖಾಲಿ ಮಾಡಿದ. ಪಾರ್ಸೆಲ್ ಸಾಗಿಸುವ ಕಂಪನಿಯವರು ಮಾರನೆಯ ದಿನವೇ ಬಾಡಿಗೆಗೆ ಕೇಳಿಕೊಂಡು ಬಂದರು. ಮುನಿಸ್ವಾಮಿ ಆಗಲಿ ಎನ್ನುವುದರಲ್ಲಿದ್ದರು.

"ಅಪ್ಪ, ಹಾಲ್ ಯಾರಿಗೂ ಕೊಡ್ಬೇಡಿ. ನಾನೊಂದು ಥಿಯೇಟರ್ ಮಾಡ್ತೀನಿ," ಎಂದ ವಸಂತ, ಊಟದ ಮಧ್ಯೆ.

ಪಿಳ್ಳಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಏನು ಮಾಡ್ತೀಯ?"

"ಥಿಯೇಟರ್ ಅಮ್ಮ. ಬರೀ ಫೈಟ್ ಪಿಕ್ಚರ್. ಕುಂಗ್ ಫೂ, ಕರಾಟೆ, ಕಳರಿ. ಅರವತ್ತು ಸೀಟು. ದಿನಕ್ಕೆ ಎರಡು ಆಟ."

"ಹಾಡು?"

"ಹಾಡಿಲ್ಲ."

"ಲವ್ವು?" ಎಂದಳು ಶರಣ್ಯ.

"ಅದೂ ಇಲ್ಲ."

"ಹಂಗಾದ್ರೆ ಹೆಂಗಸ್ರು ಬರಲ್ಲ ಬಿಡು," ಎಂದು ಪಿಳ್ಳಮ್ಮ ಸಾರು ಬಡಿಸಿದರು.

ವಸಂತ ಕರಾಟೆ ಮಾಸ್ಟರ್. ಹತ್ತಿರದ ಶಾಲೆಯೊಂದರ ಅಂಗಳದಲ್ಲಿ ನೂರಹತ್ತು ಮಕ್ಕಳಿಗೆ ಬೆಳಿಗ್ಗೆ ಸಂಜೆ ಕಲಿಸುತ್ತಿದ್ದ. ಅವನ ಒದೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಅನುಮಾನವಿದ್ದದ್ದು ಲೆಕ್ಕದ ಬಗ್ಗೆ. ಅವನ ಪ್ರಕಾರ ಬೆಂಗಳೂರಿನಲ್ಲಿ ಫೈಟ್ ಪಿಕ್ಚರಿಗೆ ಪ್ರಾಣ ಬಿಡುವವರು ಎರಡು ಲಕ್ಷ ಜನ. ಈ ಎರಡು ಲಕ್ಷ ಎಲ್ಲಿಂದ ಬಂತು ಎಂದು ಕೇಳಬಾರದು. ಅದರಲ್ಲಿ ನೂರಕ್ಕೊಬ್ಬ ತಿಂಗಳಿಗೊಮ್ಮೆ ಬಂದರೂ ಎರಡು ಸಾವಿರವಾಯಿತು. ಹಳೆಯ ಚಿತ್ರಗಳ ಹಕ್ಕು ಇಟ್ಟುಕೊಂಡ ಗಾಂಧಿನಗರದ ಒಬ್ಬರು ಆಟಕ್ಕಿಷ್ಟು ಎಂದು ಕೊಡಲು ಒಪ್ಪಿದ್ದರು. ಥಿಯೇಟರಿನ ಲೈಸೆನ್ಸ್ ಬೇಡದಂತೆ ಕ್ಲಬ್ ಅಂತ ಮಾಡಿಕೊಳ್ಳಿ ಎಂದು ವಕೀಲರೂ ದಾರಿ ಹೇಳಿದ್ದರು. ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ನಲವತ್ತೆರಡರ ಗಂಡಸು ಅಪ್ಪನ ಮುಂದೆ ಹಾಗೆ ಆಸೆಯಿಂದ ಮಾತಾಡುವುದನ್ನು ಕಂಡು ಪೂಜಿತಾಳಿಗೆ ಮನಸ್ಸು ಕರಗಿತು.

ಮುನಿಸ್ವಾಮಿಯೂ ಕಲ್ಲಲ್ಲ. ವಯಸ್ಸಿನಲ್ಲಿ ಶುಕ್ರವಾರ ಮಧ್ಯಾಹ್ನ ಗಿರಣಿಯನ್ನು ಹೆಂಡತಿಗೆ ಬಿಟ್ಟು ಫೈಟ್ ಪಿಕ್ಚರ್ ನೋಡಲು ಮೆಜೆಸ್ಟಿಕ್ಕಿಗೆ ನಡೆದುಕೊಂಡು ಹೋಗುತ್ತಿದ್ದವರು ಅವರು. ಮುದ್ದೆ ಮುರಿದು ಸಾರಿಗೆ ಅದ್ದಿದರು.

"ನಾಲ್ಕು ಭಾನುವಾರ ತೋರ್ಸು. ಟಿಕೆಟ್ ಬೇಡ, ಪುಕ್ಕಟೆ. ಹಾಲ್ ತುಂಬಿದ್ರೆ ನಿಂದು. ಇಲ್ದಿದ್ರೆ ಪಾರ್ಸೆಲ್‌ನವ್ರಿಗೆ. ಆಮೇಲೆ ನನ್ನ ತಲೆ ತಿನ್ನಬಾರ್ದು."

ಷರತ್ತು ಎಲ್ಲರಿಗೂ ನ್ಯಾಯವೆನ್ನಿಸಿತು. ಪುಕ್ಕಟೆ ಬಂದವನು ದುಡ್ಡು ಕೊಟ್ಟೂ ಬರುತ್ತಾನೆಯೇ ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಗಿರಣಿಯವರ ಮನೆ ಅದು. ಬಾಗಿಲಲ್ಲಿ ಸಾಲು ನಿಂತವರೆಲ್ಲ ರಾಗಿ ತಂದವರೇ ಎಂದು ನಂಬಿಕೊಂಡು ಬದುಕಿದವರು.

ಮೊದಲ ಭಾನುವಾರಕ್ಕೆ ವಸಂತ ಪ್ರೊಜೆಕ್ಟರ್ ಬಾಡಿಗೆಗೆ ತಂದ, ಶಾಮಿಯಾನದ ಅಂಗಡಿಯಿಂದ ಅರವತ್ತು ಕುರ್ಚಿ ತರಿಸಿದ, ಎದುರಿನ ಗೋಡೆಗೆ ತಾನೇ ಬಿಳಿ ಬಣ್ಣ ಬಳಿದ. ಪೂಜಿತಾ ಐದು ಗಂಟೆಗೆ ಎದ್ದು ಅರವತ್ತು ಜನಕ್ಕೆ ಅವರೆಕಾಳು ಉಪ್ಪಿಟ್ಟು ಮಾಡಿದಳು. ಹತ್ತು ಗಂಟೆಯ ಆಟಕ್ಕೆ ಬಂದವರು ಏಳು ಜನ. ಅದರಲ್ಲಿ ಮುನಿಸ್ವಾಮಿ ಒಬ್ಬರು, ಅವರ ಇಬ್ಬರು ಸ್ನೇಹಿತರು, ಬೀದಿ ಕೊನೆಯ ಇಸ್ತ್ರಿಯವನು, ಉಳಿದ ಮೂವರು ಕ್ಲಾಸಿನ ಮಕ್ಕಳು. ವಸಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹನ್ನೊಂದೂವರೆಯವರೆಗೆ ಬಾಗಿಲಲ್ಲೇ ನಿಂತಿದ್ದ. ಸ್ಕೂಟರ್ ಸದ್ದಾದಾಗಲೆಲ್ಲ ಒಂದು ಹೆಜ್ಜೆ ಮುಂದಿಡುತ್ತಿದ್ದ.

ಉಪ್ಪಿಟ್ಟನ್ನು ಮನೆಯವರು ಮಾರನೆಯ ದಿನವೂ ತಿಂದರು.

"ಎಲ್ರಿಗೂ ಹೇಳಿದ್ದೆ," ಎಂದ ವಸಂತ, ಯಾರೂ ಕೇಳದಿದ್ದರೂ. "ಚಳಿ ಅಂತ ಬಂದಿಲ್ಲ ಅನ್ಸುತ್ತೆ."

"ಹೌದು, ಚಳಿ ಜಾಸ್ತಿ ಇತ್ತು," ಎಂದಳು ಪೂಜಿತಾ. ಅವಳಿಗೆ ಅವನನ್ನು ನೋಡಲಾಗಲಿಲ್ಲ.

ಕರಾಟೆ ಕ್ಲಾಸಿನಲ್ಲಿ ಪ್ರತಿ ಮಗುವಿಗೂ ಒಂದು ಕಾರ್ಡ್ ಇತ್ತು. ಕ್ಲಾಸಿಗೆ ಬಂದ ದಿನಕ್ಕೊಂದು ಸೀಲ್. ನಾಲ್ಕು ತಿಂಗಳಲ್ಲಿ ಮೂವತ್ತು ಸೀಲ್ ಆದರೆ ಮಾತ್ರ ಮುಂದಿನ ಬಣ್ಣದ ಬೆಲ್ಟಿನ ಪರೀಕ್ಷೆಗೆ ಕೂರಬಹುದು. ಆ ಸೀಲ್ ಪೂಜಿತಾಳ ಕೈಯಲ್ಲಿತ್ತು. ವಸಂತ ಹಾಜರಿ ಪುಸ್ತಕ ತಂದು ಮೇಜಿನ ಮೇಲೆ ಇಡುತ್ತಿದ್ದ, ಇವಳು ವಾರಕ್ಕೊಮ್ಮೆ ಕೂತು ಒತ್ತುತ್ತಿದ್ದಳು. ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪೂ ಇವಳದೇ. ಅವರ ಪ್ರಶ್ನೆಗಳಿಗೆ ಬೇಸತ್ತು ವಸಂತ ಅದರಿಂದ ಎಂದೋ ಹೊರಬಿದ್ದಿದ್ದ. ಜನವರಿ ಕೊನೆಗೆ ಪರೀಕ್ಷೆ ಇತ್ತು, ಅರ್ಧ ಮಕ್ಕಳಿಗೆ ಹಾಜರಿ ಸಾಲುತ್ತಿರಲಿಲ್ಲ.

ಬುಧವಾರ ಲ್ಯಾಬಿನಲ್ಲಿ ಊಟ ಮಾಡುತ್ತ ಅವಳು ಆ ಗುಂಪಿಗೆ ಒಂದು ಸಾಲು ಬರೆದಳು: ಭಾನುವಾರದ ಚಿತ್ರಪ್ರದರ್ಶನಕ್ಕೆ ಬಂದ ಮಕ್ಕಳಿಗೆ ಎರಡು ಹಾಜರಿ.

"ಯಾರಿಗೆ ಮೆಸೇಜು, ಒಳಗೊಳಗೇ ನಗ್ತಿದೀರ?" ಎಂದಳು ರಂಗನಾಯಕಿ.

"ನಮ್ಮನೆಯವ್ರ ಕ್ಲಾಸಿಗೆ ಕಣ್ರೀ. ಪಾಪ, ಮುಖ ಸಣ್ಣ ಮಾಡ್ಕೊಂಡು ಓಡಾಡ್ತಿದಾರೆ. ಒಂದು ಭಾನುವಾರನಾದ್ರೂ ನಾಲ್ಕು ಜನ ಬರ್ಲಿ ಅಂತ."

ಎರಡನೆಯ ಭಾನುವಾರ ಎಪ್ಪತ್ತೆರಡು ಜನ ಬಂದರು. ಮೂರನೆಯದಕ್ಕೆ ತೊಂಬತ್ತು. ನಾಲ್ಕನೆಯದಕ್ಕೆ ಮಕ್ಕಳು ಗೋಡೆಗೊರಗಿ ನಿಂತಿದ್ದರು, ಕರೆತಂದ ಅಪ್ಪಂದಿರು ಹೊರಗೆ ಸ್ಕೂಟರಿನ ಮೇಲೆ ಕೂತಿದ್ದರು. ಮಧ್ಯಾಹ್ನ ಪೂಜಿತಾ ಅಡಿಗೆಮನೆಯ ಕಟ್ಟೆಯ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಎರಡೆರಡು ಸೀಲ್ ಒತ್ತುತ್ತಿದ್ದಾಗ ವಸಂತ ಹಾರಿಕೊಂಡೇ ಒಳಗೆ ಬಂದ.

"ಪೂಜಿ, ನೋಡಿದ್ಯಾ? ನಾನು ಹೇಳ್ಲಿಲ್ವಾ? ಜನಕ್ಕೆ ಹಸಿವಿದೆ, ತೋರ್ಸೋರಿಲ್ಲ ಅಷ್ಟೇ."

ಅವಳು ಸೀಲ್ ಕೆಳಗಿಟ್ಟಳು. ಹೇಳಬೇಕಾದ್ದು ಆಗಲೇ. ಅವನ ಮುಖದಲ್ಲಿ ಮದುವೆಯಾದ ಹೊಸದರಲ್ಲಿ ಇದ್ದಂಥ ಕಳೆ ಇತ್ತು, ಅವಳಿಗೆ ಬಾಯಿ ಬರಲಿಲ್ಲ. "ಉಪ್ಪಿಟ್ಟು ಸಾಕಾಯ್ತಾ?" ಎಂದಳು.

ಮುನಿಸ್ವಾಮಿ ಮಾತಿಗೆ ತಪ್ಪುವವರಲ್ಲ. ಅವತ್ತು ಸಂಜೆಯೇ ಹಾಲ್‌ನ ಬೀಗದ ಕೈ ಮಗನಿಗೆ ಕೊಟ್ಟರು. ಕೊಟ್ಟು, ಕಾಫಿ ಕುಡಿದು, ಲೋಟ ಕೆಳಗಿಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು.

"ಗಲ್ಲಾದಲ್ಲಿ ಹೊರಗಿನವ್ರನ್ನ ಕೂರಿಸ್ಬಾರ್ದು. ಗಿರಣೀಲಿ ಮೂವತ್ತು ವರ್ಷ ನಿಮ್ಮಮ್ಮ ಕೂತಿದ್ಳು. ಈಗ ಪೂಜಿತಾ ಕೂರ್ಲಿ."

"ನನಗೆ ಕೆಲಸ ಇದೆಯಲ್ಲಾ ಮಾವ."

"ಇದೂ ಕೆಲಸಾನೇ ತಾನೇ? ನಿಮ್ಮದೇ ಕೆಲಸ. ಇನ್ನೊಬ್ರ ರಕ್ತದ ಬಿಲ್ ಹಾಕೋ ಬದ್ಲು ಗಂಡನ ಬಿಲ್ ಹಾಕು."

"ನಾನು ಒಳಗೆ ಪ್ರೊಜೆಕ್ಟರ್ ನೋಡ್ಕೋಬೇಕು ಪೂಜಿ," ಎಂದ ವಸಂತ ಮೆಲ್ಲಗೆ. "ನೀನಲ್ದೆ ಇನ್ಯಾರಿದಾರೆ?"

ಆ ಮನೆಯಲ್ಲಿ ಪೂಜಿತಾಳ ಕೆಲಸದ ಮಾತು ಬಂದಾಗ ಪಿಳ್ಳಮ್ಮ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಎರಡು ದಿನ ಕಳೆದು ಅತ್ತೆ ಸೊಸೆ ಹಿತ್ತಲಲ್ಲಿ ಕೂತು ಹಿತಕಬೇಳೆ ಮಾಡುತ್ತಿದ್ದರು. ನೆನೆಸಿದ ಅವರೆಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ಎರಡು ಸೇರು ಕಾಳಿಗೆ ಒಂದೂವರೆ ಗಂಟೆ ಹಿಡಿಯುವ ಕೆಲಸ. ಪೂಜಿತಾ ಅರ್ಧ ಮುಗಿಯುವವರೆಗೆ ಕಾದು, ಹಾಜರಿಯ ಸಂಗತಿಯನ್ನು ಹೇಳಿಬಿಟ್ಟಳು.

ಪಿಳ್ಳಮ್ಮನ ಬೆರಳು ನಿಲ್ಲಲಿಲ್ಲ. "ಗೊತ್ತು ಬಿಡು."

"ಗೊತ್ತಾ?"

"ಶರಣ್ಯ ಆವತ್ತೇ ಹೇಳಿದ್ಳು. ಮಕ್ಕಳೆಲ್ಲ ಸೀಲ್‌ಗೋಸ್ಕರ ಬರ್ತಾವೆ ಅಜ್ಜಿ, ಅರ್ಧ ಪಿಕ್ಚರಿಗೇ ಆಕಳಿಸ್ತಾವೆ ಅಂತ."

"ಮತ್ತೆ ಮಾವಂಗೆ ಯಾಕೆ ಹೇಳ್ಲಿಲ್ಲ ಅತ್ತೆ? ಪಾರ್ಸೆಲ್‌ನವ್ರಿಗೆ ಕೊಟ್ಟಿದ್ರೆ ತಿಂಗಳಿಗೆ ಇಪ್ಪತ್ತೆಂಟು ಸಾವಿರ ಬರ್ತಿತ್ತು."

ಪಿಳ್ಳಮ್ಮ ಸಿಪ್ಪೆಯನ್ನು ಮೊರಕ್ಕೆ ಹಾಕಿದರು. "ಹೋದ ತಿಂಗಳು ಬಚ್ಚಲಲ್ಲಿ ಬಿದ್ದೆ. ನಿಮಗ್ಯಾರಿಗೂ ಹೇಳಿಲ್ಲ. ಮುಕ್ಕಾಲು ಗಂಟೆ ಅಲ್ಲೇ ಬಿದ್ದಿದ್ದೆ ಕಣಮ್ಮ. ನಿಮ್ಮಾವ ಟಿವಿ ನೋಡ್ತಾ ಕೂತಿದ್ರು, ನಾನು ಕೂಗಿದ್ದು ಕೇಳ್ಲಿಲ್ಲ. ಆಮೇಲೆ ಬಕೆಟ್ ಹಿಡ್ಕೊಂಡು ನಾನೇ ಎದ್ದೆ. ಎದ್ದು ಸಾರಿಗೆ ಒಗ್ಗರಣೆ ಹಾಕ್ದೆ." ಅವರು ಸೊಸೆಯ ಮುಖ ನೋಡಿದರು. "ಹಾಲ್ ಹಿತ್ತಲಲ್ಲಿದೆ. ನೀನು ಅಲ್ಲಿ ಕೂತಿದ್ರೆ ಕೂಗಿದ್ರೆ ಕೇಳುತ್ತೆ. ನನಗೆ ಅಷ್ಟು ಸಾಕು. ಲಾಭ ನಷ್ಟ ಗಂಡಸ್ರು ನೋಡ್ಕೊಳ್ಲಿ."

ಪೂಜಿತಾಳಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಬಚ್ಚಲ ನೆಲದ ಮೇಲೆ ಬಿದ್ದ ಮುದುಕಿ ಕಣ್ಣಿಗೆ ಬಂದಳು. ಯಾರ ಮೇಲೂ ಪೂರ್ತಿ ಸಿಟ್ಟು ಮಾಡಲಾಗದ ಮನೆಯಲ್ಲಿ ಬದುಕುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತು ಅರ್ಥವಾಯಿತು.

"ಅವ್ರಿಗೆ ಹೇಳ್ಬೇಡ," ಎಂದರು ಪಿಳ್ಳಮ್ಮ. "ಹೇಳಿದ್ರೆ ಸೀಲ್ ಒತ್ತಿದ್ದು ನೀನೇ ಅಂತ ಮೊದ್ಲು ಬರುತ್ತೆ."

ಲ್ಯಾಬಿನ ಮ್ಯಾನೇಜರ್ ಪ್ರಸನ್ನ ಒಳ್ಳೆಯವರು. ರಾಜೀನಾಮೆ ಪತ್ರವನ್ನು ಓದಿ ಮಡಿಸಿ ಅವಳ ಕಡೆಗೇ ಸರಿಸಿದರು.

"ಮೂರು ತಿಂಗಳು ಸಂಬಳ ಇಲ್ದೆ ರಜಾ ತಗೊಳ್ಳಿ ಮೇಡಂ. ಏಪ್ರಿಲ್ ಕೊನೆವರೆಗೂ ನಿಮ್ಮ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ. ಹೊಸ ವ್ಯವಹಾರ ಅಂತೀರ, ನಡೀತೋ ನಡೀಲಿಲ್ವೋ ಅಷ್ಟೊತ್ತಿಗೆ ಗೊತ್ತಾಗಿರುತ್ತೆ."

ನಡೆಯುವುದಿಲ್ಲ ಎಂದು ಪೂಜಿತಾಳಿಗೆ ಆಗಲೇ ಗೊತ್ತಿತ್ತು. ಮೂರು ತಿಂಗಳು ಗಲ್ಲಾದಲ್ಲಿ ಕೂತರೆ ಸಾಕು, ಥಿಯೇಟರ್ ತಾನಾಗಿಯೇ ಮುಚ್ಚುತ್ತದೆ, ತಾನು ವಾಪಸ್ ಬರಬಹುದು. ಯಾರಿಗೂ ಏನೂ ಹೇಳುವ ಅಗತ್ಯವೇ ಇಲ್ಲ. ರಂಗನಾಯಕಿಯ ಜೊತೆ ಕೊನೆಯ ದಿನದ ಡಬ್ಬಿ ಬಿಚ್ಚುವಾಗ ಅವಳಿಗೆ ಒಂದು ಬಗೆಯ ಧೈರ್ಯವೂ ಇತ್ತು.

ಫೆಬ್ರವರಿಯಲ್ಲಿ ಥಿಯೇಟರ್ ಶುರುವಾಯಿತು. ವಸಂತ ತನ್ನ ಉಳಿತಾಯವೆಲ್ಲ ಹಾಕಿ ಸ್ವಂತ ಪ್ರೊಜೆಕ್ಟರ್ ಮತ್ತು ಅರವತ್ತು ಹಳೆಯ ಸಿನಿಮಾ ಸೀಟು ತಂದ. ಟಿಕೆಟ್ ನೂರು ರೂಪಾಯಿ. ಬೆಲ್ಟಿನ ಪರೀಕ್ಷೆ ಮುಗಿದಿತ್ತು, ಪೂಜಿತಾ ಗುಂಪಿಗೆ ಮತ್ತೆ ಆ ಸಾಲು ಬರೆಯಲಿಲ್ಲ. ಮೊದಲ ಭಾನುವಾರ ಹನ್ನೊಂದು ಜನ. ಆಮೇಲೆ ಒಂಬತ್ತು. ವಾರದ ದಿನಗಳಲ್ಲಿ ಇಬ್ಬರು, ಮೂವರು. ಮತ್ತಿಕೆರೆಯಿಂದ ಬಸ್ಸು ಬದಲಾಯಿಸಿ ಬರುವ ಒಬ್ಬ ಕಾಲೇಜು ಹುಡುಗ, ಮಲ್ಲೇಶ್ವರದ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರ್, ಮತ್ತೆ ಮುನಿಸ್ವಾಮಿ. ಇವರು ಮೂವರು ನಿಜವಾದ ಅಭಿಮಾನಿಗಳು. ಮೂವರಲ್ಲಿ ಒಬ್ಬರು ಟಿಕೆಟ್ ಕೊಳ್ಳುತ್ತಿರಲಿಲ್ಲ.

ಪೂಜಿತಾಳ ದಿನ ಹೀಗಿತ್ತು: ಆರಕ್ಕೆ ಎದ್ದು ತಿಂಡಿ, ಹತ್ತಕ್ಕೆ ಗಲ್ಲಾ, ಹನ್ನೆರಡೂವರೆಗೆ ಓಡಿಬಂದು ಕುಕ್ಕರ್, ಎರಡಕ್ಕೆ ಮತ್ತೆ ಗಲ್ಲಾ, ಸಂಜೆ ಸೀಟು ಒರೆಸುವುದು. ಹಿತ್ತಲ ಕಿಟಕಿಯಿಂದ ಪಿಳ್ಳಮ್ಮ ಸುಮ್ಮಸುಮ್ಮನೆ ಕೂಗುತ್ತಿದ್ದರು. "ಪೂಜಿತಾ, ಇದೀಯಾ?" ಇವಳು "ಇದೀನಿ ಅತ್ತೆ" ಎನ್ನುತ್ತಿದ್ದಳು. ಅಷ್ಟೇ ಮಾತು, ದಿನಕ್ಕೆ ಇಪ್ಪತ್ತು ಸಲ. ಆದರೂ ಅವಳು ದಿನ ಎಣಿಸುತ್ತ ನೆಮ್ಮದಿಯಾಗಿದ್ದಳು. ಸೀಟುಗಳು ಖಾಲಿಯಾಗಿದ್ದಷ್ಟೂ ಅವಳಿಗೆ ಹಗುರವೆನ್ನಿಸುತ್ತಿತ್ತು, ಹಾಗೆನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ವಸಂತನಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಊಟ ಕಡಿಮೆ ಮಾಡಿದ. ಕ್ಲಾಸಿನಲ್ಲಿ ಮಕ್ಕಳನ್ನು ಗದರಿಸತೊಡಗಿದ.

"ಅವತ್ತು ತೊಂಬತ್ತು ಜನ ಬಂದಿದ್ರಲ್ಲಾ, ನಾನೇ ಎಣಿಸಿದೀನಿ," ಎಂದು ಗೋಡೆಗೆ ಹೇಳುವವನಂತೆ ಹೇಳುತ್ತಿದ್ದ.

ಮಾರ್ಚಿನ ಎರಡನೆಯ ವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನೇ ಕಾರಣ ಕಂಡುಹಿಡಿದ.

"ಸೌಂಡ್ ಸರಿ ಇಲ್ಲ ಅಪ್ಪ. ಫೈಟ್ ಪಿಕ್ಚರಿಗೆ ಸೌಂಡೇ ಜೀವ. ಒಳ್ಳೆ ಸಿಸ್ಟಂಗೆ ನಾಲ್ಕೂವರೆ ಲಕ್ಷ ಆಗುತ್ತೆ. ಮನೆ ಪತ್ರ ಇಟ್ಟು ಲೋನ್ ತೆಗೆಯೋಣ."

"ಮನೆ ಪತ್ರಾನಾ?" ಮುನಿಸ್ವಾಮಿ ಟಿವಿಯ ಸದ್ದು ತಗ್ಗಿಸಿದರು. "ಪಾರ್ಸೆಲ್‌ನವ್ರು ಇನ್ನೂ ಕೇಳ್ತಾವ್ರೆ ಕಣೋ. ಸಾಕು ಮಾಡು."

"ತುಂಬಿದ್ರೆ ನಿಂದು ಅಂದಿದ್ರಿ. ತುಂಬ್ಸಿ ತೋರ್ಸಿದೀನಿ. ಜನ ಇದಾರೆ ಅಪ್ಪ, ನಾನೇ ಏನೋ ತಪ್ಪು ಮಾಡ್ತಿದೀನಿ. ಒಂದು ಸಲ ಸೈನ್ ಹಾಕಿ, ಸಾಕು."

ಮುನಿಸ್ವಾಮಿ ಕರಗುವುದು ಪೂಜಿತಾಳಿಗೆ ಕಾಣುತ್ತಿತ್ತು. ಸುಮ್ಮನಿದ್ದರೆ ಇನ್ನು ಆರು ವಾರಕ್ಕೆ ಅವಳು ಮೆಟ್ರೋ ಹತ್ತುವುದು ನಿಜ, ಆದರೆ ತಲೆಯ ಮೇಲಿನ ಸೂರು ಅಡವಿಟ್ಟು ಹೋಗಬೇಕು. ಅವಳು ಸಾರಿನ ಪಾತ್ರೆ ಕೆಳಗಿಟ್ಟಳು. ಪಿಳ್ಳಮ್ಮ ಕಣ್ಣಿನಲ್ಲೇ ಬೇಡವೆಂದರು.

"ಸೌಂಡ್ ಅಲ್ಲ ರೀ," ಎಂದಳು. "ಆ ಜನ ಪಿಕ್ಚರಿಗೆ ಬಂದಿರ್ಲಿಲ್ಲ. ಬಂದ್ರೆ ಎರಡು ಹಾಜರಿ ಅಂತ ನಾನು ಗ್ರೂಪಲ್ಲಿ ಹಾಕಿದ್ದೆ. ಬೆಲ್ಟ್ ಪರೀಕ್ಷೆಗೆ ಕಮ್ಮಿ ಇತ್ತಲ್ಲಾ, ಅದಕ್ಕೆ ಬಂದ್ರು."

ಶರಣ್ಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಮೂರು ಭಾನುವಾರಾನೂ?" ಎಂದ ವಸಂತ.

"ಮೂರೂ."

"ಯಾಕೆ?"

"ಮೊದಲ್ನೇ ವಾರ ನೀವು ಬಾಗಿಲಲ್ಲಿ ನಿಂತಿದ್ದು ನೋಡೋಕೆ ಆಗ್ಲಿಲ್ಲ."

ಅವನು ಕೈ ತೊಳೆದು ಎದ್ದುಹೋದ. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂರು ದಿನ ಅವಳ ಕೈಯಲ್ಲಿ ಕಾಫಿ ತೆಗೆದುಕೊಂಡ, ಮುಖ ನೋಡಲಿಲ್ಲ. ಅವಳು ಅತ್ತಳು, ಆದರೆ ಅಳುವಿನಡಿಯಲ್ಲಿ ಒಂದು ಬಿಡುಗಡೆ ಇತ್ತು. ಎಲ್ಲ ಹೊರಬಿತ್ತು, ಇನ್ನು ಹಾಲ್ ಪಾರ್ಸೆಲ್‌ನವರಿಗೆ, ತಾನು ಲ್ಯಾಬಿಗೆ. ಅತ್ತೆಗೆ ಏನಾದರೊಂದು ವ್ಯವಸ್ಥೆ ಮಾಡಿದರಾಯಿತು, ತಾನೇ ಮುಂದೆ ನಿಂತು ಮಾಡುತ್ತೇನೆ ಎಂದುಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ದೋಸೆ ಹುಯ್ಯುತ್ತಿದ್ದಾಗ ವಸಂತ ಅಡಿಗೆಮನೆಗೆ ಬಂದ. ಸ್ನಾನ ಮಾಡಿದ್ದ, ಗಡ್ಡ ಹೆರೆದಿದ್ದ. ಕೈಯಲ್ಲಿ ಒಂದು ಹೊಸ ಕಾರ್ಡ್ ಇತ್ತು.

"ಪೂಜಿ, ನೀನು ದಾರಿ ತೋರ್ಸಿದೀಯ. ನನಗೆ ಹೊಳೆದೇ ಇರ್ಲಿಲ್ಲ."

ಕಾರ್ಡಿನಲ್ಲಿ ಹಾಜರಿಯ ಕೆಳಗೆ ಇನ್ನೊಂದು ಸಾಲು ಅಚ್ಚಾಗಿತ್ತು: ಚಿತ್ರವೀಕ್ಷಣೆ, ಪರೀಕ್ಷೆಗೆ ಕಡ್ಡಾಯ ಹದಿನಾರು.

"ನೋಡಿ ಕಲಿಯೋದೂ ಪಾಠಾನೇ ಅಲ್ವಾ? ವಾರಕ್ಕೊಂದು ಪಿಕ್ಚರ್. ತಿಂಗಳ ಫೀಸ್ ಜೊತೆ ನಾನೂರು ರೂಪಾಯಿ. ಒಂದೊಂದು ಬ್ಯಾಚಿಗೆ ಒಂದೊಂದು ದಿನ. ಬಸವನಗುಡಿಲಿ, ಮಲ್ಲೇಶ್ವರದಲ್ಲಿ ಇಬ್ರು ಮಾಸ್ಟರ್ ಜೊತೆ ಮಾತಾಡಿದೀನಿ. ಅವ್ರ ಮಕ್ಕಳ್ನೂ ಕಳಿಸ್ತಾರೆ, ತಲೆಗಿಷ್ಟು ಅಂತ ಅವ್ರಿಗೆ ಕೊಟ್ರಾಯ್ತು. ಲೋನ್ ಬೇಡ, ಏನೂ ಬೇಡ."

ಹೆಂಚಿನ ಮೇಲೆ ದೋಸೆ ಸೀದಿತು.

"ಇಷ್ಟ ಇಲ್ದಿರೋ ಮಕ್ಕಳನ್ನ ಕೂರ್ಸಿ ತೋರ್ಸೋದಾ?" ಎಂದಳು ಪೂಜಿತಾ.

"ನೀನೇ ಕೂರ್ಸಿದ್ದೆಯಲ್ಲ."

ಅವನು ಚುಚ್ಚಲು ಹೇಳಿದ್ದಲ್ಲ. ಕೃತಜ್ಞತೆಯಿಂದಲೇ ಹೇಳಿದ್ದ. ಹೊರಗಿನಿಂದ ಮುನಿಸ್ವಾಮಿಯ ದನಿ ಬಂತು. "ಕಟ್ಟಿಹಾಕಿ ತೋರ್ಸೋದು ಒಂದು ಪಿಕ್ಚರಾ? ನಾವು ಗೋಡೆ ಹಾರಿ ನೋಡ್ತಿದ್ವಿ." ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಏಪ್ರಿಲ್ ಹೊತ್ತಿಗೆ ಶಾಲೆಗಳಿಗೆ ರಜೆ ಬಂತು, ಹಾಲ್ ತುಂಬತೊಡಗಿತು. ಅಪ್ಪ ಅಮ್ಮಂದಿರು ಎರಡು ದಿನ ಗೊಣಗಿ ಕೊಟ್ಟರು. ಬೆಲ್ಟಿನ ಸರ್ಟಿಫಿಕೇಟ್ ಎಂದರೆ ಈ ಊರಿನಲ್ಲಿ ಎಂಥ ದುಡ್ಡೂ ಹೊರಬರುತ್ತದೆ. ತಿಂಗಳ ಕೊನೆಗೆ ಖರ್ಚೆಲ್ಲ ಕಳೆದು ಪಾರ್ಸೆಲ್‌ನವರ ಬಾಡಿಗೆಯ ಎರಡರಷ್ಟು ಉಳಿಯಿತು. ಮುನಿಸ್ವಾಮಿ ಕೂಡ ಬಾಯಿ ಮುಚ್ಚಿದರು. ಫೈಟ್ ಪಿಕ್ಚರಿಗೆಂದೇ ಇರುವ ಥಿಯೇಟರಿನಲ್ಲಿ ಲಾಭವಿದೆ ಎಂದು ವಸಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ. ಮತ್ತಿಕೆರೆಯ ಹುಡುಗನಿಗೂ ನಿವೃತ್ತ ಪೋಸ್ಟ್‌ಮಾಸ್ಟರಿಗೂ ಸೀಟು ಸಿಗದೆ ಅವರು ಬರುವುದನ್ನು ಬಿಟ್ಟಿದ್ದರು, ಅದನ್ನು ಗಮನಿಸಿದವಳು ಪೂಜಿತಾ ಒಬ್ಬಳೇ.

ನಷ್ಟವಾಗಿದ್ದರೆ ಅವಳು ಹೋಗಬಹುದಿತ್ತು. ಲಾಭ ಬರುವ ಗಲ್ಲಾವನ್ನು ಬಿಟ್ಟು ಹತ್ತೊಂಬತ್ತು ಸಾವಿರದ ಕೆಲಸಕ್ಕೆ ಹೋಗುತ್ತೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಆದರೂ ಒಂದು ಸಂಜೆ ಸೀಟು ಒರೆಸುತ್ತ ಹೇಳಿ ನೋಡಿದಳು.

"ರೀ, ಮೂವತ್ತನೇ ತಾರೀಕಿಗೆ ನನ್ನ ರಜಾ ಮುಗಿಯುತ್ತೆ."

ವಸಂತ ನಕ್ಕ. "ಇನ್ನೂ ಅದನ್ನ ಇಟ್ಕೊಂಡಿದ್ಯಾ? ಬಿಡು ಪೂಜಿ. ಈಗ ನೀನೇ ಓನರ್."

ಮೂವತ್ತನೆಯ ತಾರೀಕು ಹತ್ತೂವರೆಯ ಆಟಕ್ಕೆ ಗಲ್ಲಾದ ಮುಂದೆ ಸಾಲಿತ್ತು. ಅವಳು ಕಾರ್ಡ್ ತೆಗೆದುಕೊಂಡು ಹೆಸರು ಬರೆಯುತ್ತಿದ್ದಾಗ ಫೋನ್ ಬಂತು. ಪ್ರಸನ್ನ.

"ಮೇಡಂ, ನಾಳೆಯಿಂದ ಬರ್ತೀರ ತಾನೇ? ಯಶಶ್ರೀ ಅಂತ ಒಬ್ಬ ಹುಡುಗಿ ಇಂಟರ್‌ವ್ಯೂಗೆ ಬಂದು ಕೂತಿದಾಳೆ. ನೀವು ಬರಲ್ಲ ಅಂದ್ರೆ ಮಾತ್ರ ಅವಳನ್ನ ತಗೋತೀನಿ."

ಅವಳು ಸಾಲನ್ನು ನೋಡಿದಳು. ಹಿತ್ತಲ ಕಿಟಕಿಯಿಂದ ಕೂಗು ಬಂತು. "ಪೂಜಿತಾ, ಇದೀಯಾ?"

"ಇದೀನಿ ಅತ್ತೆ," ಎಂದಳು, ಫೋನಿಗೆ ಕೈ ಅಡ್ಡ ಹಿಡಿದು. ಆಮೇಲೆ ಕೈ ತೆಗೆದು, "ಅವಳನ್ನೇ ತಗೊಳ್ಳಿ ಸಾರ್," ಎಂದಳು. "ಆ ಕುರ್ಚಿ ಸ್ವಲ್ಪ ಎಡಕ್ಕೆ ವಾಲುತ್ತೆ, ಹುಡುಗಿಗೆ ಹೇಳ್ಬಿಡಿ." ಪ್ರಸನ್ನ ಇನ್ನೇನೋ ಹೇಳುತ್ತಿದ್ದರು. ಅವಳಿಗೆ ಕೇಳಿಸಿಕೊಳ್ಳಲಾಗಲಿಲ್ಲ.

ಸಾಲಿನಲ್ಲಿ ಮುಂದಿದ್ದದ್ದು ಒಬ್ಬ ತಾಯಿ, ಜೊತೆಗೆ ಹತ್ತು ವರ್ಷದ ಮಗಳು. ಹುಡುಗಿಯ ಕಣ್ಣು ಕೆಂಪಾಗಿತ್ತು, ದಾರಿಯುದ್ದಕ್ಕೂ ಅತ್ತುಕೊಂಡು ಬಂದಿದ್ದಳು.

"ಮೇಡಂ, ದುಡ್ಡು ಹೇಗೂ ಕಟ್ಟಿದೀವಿ," ಎಂದರು ತಾಯಿ ದನಿ ತಗ್ಗಿಸಿ. "ಸೀಲ್ ಒತ್ಕೊಟ್ಬಿಡಿ, ಕರ್ಕೊಂಡು ಹೋಗ್ತೀನಿ. ಹೊಡೆದಾಟ ನೋಡಿದ್ರೆ ಇವಳಿಗೆ ಭಯ. ಎರಡೂವರೆ ಗಂಟೆ ಕೂರೋಕೆ ಆಗಲ್ಲ ಅಂತಾಳೆ. ನಿಮಗೇನು ನಷ್ಟ ಹೇಳಿ?"

ನಷ್ಟ ಏನೂ ಇರಲಿಲ್ಲ. ಸೀಲ್ ಅವಳ ಬಲಗೈಯಲ್ಲೇ ಇತ್ತು, ಒತ್ತಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗಿ ಆಸೆಯಿಂದ ಅವಳನ್ನೇ ನೋಡುತ್ತಿದ್ದಳು.

"ಆಗಲ್ಲಮ್ಮ," ಎಂದಳು ಪೂಜಿತಾ. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಪಿಕ್ಚರ್ ಮುಗಿದ್ಮೇಲೇ ಸೀಲ್."

"ಪಾಪ, ಮಗು ಮೇಡಂ."

ಪೂಜಿತಾ ಹುಡುಗಿಯ ಕೈಯಿಂದ ಕಾರ್ಡ್ ತೆಗೆದುಕೊಂಡು ಕಟ್ಟಿನಲ್ಲಿ ಸೇರಿಸಿದಳು.

"ಹೋಗಿ ಕೂತ್ಕೊ ಪುಟ್ಟಿ," ಎಂದಳು. "ನಾನೂ ಕೂತಿಲ್ವಾ?"

ಹುಡುಗಿ ತಾಯಿಯ ಕೈ ಬಿಟ್ಟು ಒಳಗೆ ಹೋದಳು.